ಜನ ಬಂದಿದ್ದರು, ಕಾರು ಸಿದ್ಧವಿರಲಿಲ್ಲ

ಗೆಳೆಯರೇ, ನಮಸ್ಕಾರ.

ಮಾರ್ಕೆಟಿಂಗ್ ಓದಿದವರು ಇಲ್ಲಿ ಜಾಸ್ತಿ ಇದ್ದೀರಿ. ಹಾಗಾಗಿ ಎಡ್ಸೆಲ್ ಕಾರಿನ ಕಥೆಯನ್ನು ಮೊದಲಿನಿಂದ ಹೇಳುವುದಿಲ್ಲ. ಫೋರ್ಡ್ ಕಂಪನಿ 1957ರ ಸೆಪ್ಟೆಂಬರ್ 4ರಂದು ಅದನ್ನು ಬಿಡುಗಡೆ ಮಾಡಿತು. 1959ರ ನವೆಂಬರಿನಲ್ಲಿ ನಿಲ್ಲಿಸಿತು. ಯಾಕೆ ಸೋತಿತು ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಎರಡೇ ಉತ್ತರ: ಹೆಸರು ಸರಿ ಇರಲಿಲ್ಲ, ಮುಂದಿನ ಜಾಲರಿ, ಅಂದರೆ ಗ್ರಿಲ್, ವಿಕಾರವಾಗಿತ್ತು. ಈ ಎರಡೂ ಉತ್ತರಗಳ ಮೇಲೆ ನನಗೆ ತಕರಾರಿದೆ. ಅದನ್ನು ಹೇಳೋಕೆ ಅಂತಲೇ ಬಂದಿದ್ದೇನೆ.

ಹೆಸರಿನ ಕಥೆ ಮಾತ್ರ ಬಹಳ ಚೆನ್ನಾಗಿದೆ, ಬಿಡೋಕೆ ಮನಸ್ಸಾಗುವುದಿಲ್ಲ. 1955ರಲ್ಲಿ ಕಂಪನಿಯವರು ಮರಿಯಾನ್ ಮೂರ್ ಎಂಬ ದೊಡ್ಡ ಕವಯಿತ್ರಿಗೆ ಪತ್ರ ಬರೆದರು. ನಮ್ಮ ಹೊಸ ಕಾರಿಗೆ ಹೆಸರು ಸೂಚಿಸಿ ಅಂತ. ಆಕೆ ಬಹಳ ಪ್ರೀತಿಯಿಂದ ಒಂದಾದ ಮೇಲೊಂದು ಹೆಸರು ಕಳಿಸಿದರು. ಮಾಂಗೂಸ್ ಸಿವಿಕ್! ಇಂಟೆಲಿಜೆಂಟ್ ಬುಲೆಟ್! ಪ್ಯಾಸ್ಟೆಲೋಗ್ರಾಮ್! ಕೊನೆಗೆ ಯುಟೋಪಿಯನ್ ಟರ್ಟಲ್‌ಟಾಪ್! ನಗಬೇಡಿ, ನನಗೆ ಇವು ನಿಜವಾಗಿಯೂ ಇಷ್ಟ. ಕಂಪನಿಯವರು ಆಕೆಗೆ ಗುಲಾಬಿ ಹೂ ಕಳಿಸಿ ಧನ್ಯವಾದ ಹೇಳಿದರು. ಹೆಸರುಗಳನ್ನು ಪಕ್ಕಕ್ಕಿಟ್ಟರು. ಜಾಹೀರಾತು ಏಜೆನ್ಸಿ ಸಾವಿರಾರು ಹೆಸರು ಕಲೆಹಾಕಿತ್ತು. ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಗೆ ಒಂದು ಸಭೆಯಲ್ಲಿ ಅಧ್ಯಕ್ಷ ಅರ್ನೆಸ್ಟ್ ಬ್ರೀಚ್, ಎಡ್ಸೆಲ್ ಅಂತಲೇ ಇಡೋಣ ಅಂದರು. ಹೆನ್ರಿ ಫೋರ್ಡ್ ಅವರ ಮಗನ ಹೆಸರು ಅದು. ಆತ 1943ರಲ್ಲೇ, 49ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಲಿಂಕನ್ ಕಾಂಟಿನೆಂಟಲ್‌ನಂಥ ಸೊಗಸಾದ ಕಾರು ಬಂದಿದ್ದು ಆತನ ಆಸೆಯಿಂದ. ಅಂಥವರ ಹೆಸರು ಇವತ್ತು ಸೋಲಿಗೆ ಇನ್ನೊಂದು ಹೆಸರಾಗಿದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಇರಲಿ, ವಿಷಯಕ್ಕೆ ಬರ್ತೀನಿ. ಬಿಡುಗಡೆಯ ದಿನ ಎಷ್ಟು ಜನ ಶೋರೂಮಿಗೆ ಬಂದರು ಗೊತ್ತಾ? 28 ಲಕ್ಷಕ್ಕೂ ಜಾಸ್ತಿ. ಹೆಸರು ಕೇಳಿ ಮುಖ ತಿರುಗಿಸಿದವರು ಇಷ್ಟು ಜನ ಬರ್ತಾರಾ? ತಿಂಗಳುಗಟ್ಟಲೆ ಜಾಹೀರಾತಿನಲ್ಲಿ ಕಾರನ್ನೇ ತೋರಿಸಿರಲಿಲ್ಲ. ಮಸುಕಾದ ಒಂದು ಆಕಾರ, ಎಡ್ಸೆಲ್ ಬರ್ತಿದೆ ಅನ್ನೋ ಸಾಲು, ಅಷ್ಟೇ. ಅಕ್ಟೋಬರಿನಲ್ಲಿ ಟಿವಿಯಲ್ಲಿ ಬಿಂಗ್ ಕ್ರಾಸ್ಬಿ, ಫ್ರಾಂಕ್ ಸಿನಾಟ್ರಾ, ಲೂಯಿ ಆರ್ಮ್‌ಸ್ಟ್ರಾಂಗ್ ಎಲ್ಲರೂ ಸೇರಿ ಒಂದು ಗಂಟೆ ಹಾಡಿದರು. ಪ್ರಚಾರ ತನ್ನ ಕೆಲಸ ಮಾಡಿತು. ಜನರನ್ನು ಬಾಗಿಲಿಗೆ ತಂದು ನಿಲ್ಲಿಸಿತು. ಬಾಗಿಲ ಒಳಗೆ ಏನಿತ್ತು ಅನ್ನೋದೇ ನನ್ನ ಪ್ರಶ್ನೆ.

ಒಳಗೆ ಇದ್ದಿದ್ದು ಹಳೆಯ ಕಾರುಗಳೇ. ಎಡ್ಸೆಲ್ ಮಾದರಿಗಳಲ್ಲಿ ರೇಂಜರ್ ಮತ್ತು ಪೇಸರ್ ಫೋರ್ಡ್ ಬಾಡಿಯ ಮೇಲೆ ನಿಂತಿದ್ದವು. ಕೋರ್ಸೇರ್ ಮತ್ತು ಸೈಟೇಷನ್, ಅದೇ ಕಂಪನಿಯ ಇನ್ನೊಂದು ಬ್ರ್ಯಾಂಡ್ ಆದ ಮರ್ಕ್ಯುರಿಯ ಬಾಡಿಯ ಮೇಲೆ. ಇಷ್ಟು ದಿನ ಬಚ್ಚಿಟ್ಟಿದ್ದಾರೆ ಅಂದರೆ ಏನೋ ಭಾರಿ ಹೊಸದು ಅಂತ ಜನ ಅಂದುಕೊಂಡಿದ್ದರು. ಎಡ್ಸೆಲ್‌ಗೆ ಸ್ವಂತ ಕಾರ್ಖಾನೆಯೂ ಇರಲಿಲ್ಲ. ಫೋರ್ಡ್, ಮರ್ಕ್ಯುರಿ ಕಾರುಗಳು ಸಾಲಾಗಿ ಬರುತ್ತಿದ್ದ ಲೈನಿನಲ್ಲೇ ನಡುನಡುವೆ ಒಂದು ಎಡ್ಸೆಲ್ ಬರುತ್ತಿತ್ತು. ಕೆಲಸಗಾರನ ಕೈಗೆ ರೂಢಿಯಾದ ಬಿಡಿಭಾಗ ಒಂದು, ಇದಕ್ಕೆ ಬೇಕಾದದ್ದು ಇನ್ನೊಂದು. ಎಣ್ಣೆ ಸೋರುವ, ಡಿಕ್ಕಿ ತೆಗೆಯಲಾಗದ, ಬಿಡಿಭಾಗಗಳೇ ಇಲ್ಲದ ಕಾರುಗಳು ಡೀಲರ್ ಕೈಗೆ ಬಂದವು.

ಒಂದು ಭಾಗವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಟೆಲಿಟಚ್. ಗೇರ್ ಬದಲಿಸುವ ಗುಂಡಿಗಳು ಸ್ಟಿಯರಿಂಗಿನ ನಟ್ಟನಡುವೆ ಇದ್ದವು. ಹಾರ್ನ್ ಇರಬೇಕಾದ ಜಾಗ ಅದು, ಅಲ್ವಾ? ಗಾಬರಿಯಲ್ಲಿ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಗುಂಡಿ ಒತ್ತಿದರೆ ಕೆಳಗೆ ಒಂದು ವಿದ್ಯುತ್ ಮೋಟಾರು ಗೇರ್ ಬದಲಿಸಬೇಕು. ಇಳಿಜಾರಿನಲ್ಲಿ ಬರೀ ಪಾರ್ಕ್ ಗುಂಡಿ ಒತ್ತಿ ನಿಲ್ಲಿಸಿದ ಕಾರನ್ನು ಮತ್ತೆ ಹೊರಡಿಸುವಷ್ಟು ಬಲ ಆ ಮೋಟಾರಿಗೆ ಸಾಲುತ್ತಿರಲಿಲ್ಲ. ಶೋರೂಮಿನಲ್ಲಿ ಇದನ್ನು ನೋಡಿ ಬಾಯಿಬಿಟ್ಟವರೇ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡರು. ಹೊಸತನ ಬೇಡ ಅಂತ ನಾನು ಹೇಳ್ತಿಲ್ಲ. ಹೊಸದನ್ನು ಗಿರಾಕಿಯ ಕೈಗೆ ಕೊಡೋ ಮೊದಲು ಅದು ಇಳಿಜಾರಿನಲ್ಲೂ ನಡೆಯುತ್ತಾ ಅಂತ ನೋಡಿ. ನಿಮ್ಮಲ್ಲಿ ಎಂಜಿನಿಯರುಗಳಿದ್ದರೆ ದಯವಿಟ್ಟು ಈ ಮಾತು ಕೇಳಿಸಿಕೊಳ್ಳಿ.

ಬೆಲೆಯ ವಿಷಯ. ಫೋರ್ಡ್‌ಗಿಂತ ಮೇಲೆ, ಮರ್ಕ್ಯುರಿಗಿಂತ ಕೆಳಗೆ ಒಂದು ಮೆಟ್ಟಿಲು ಅಂತ ಯೋಜನೆ ಇತ್ತು. ಆದರೆ ಎಡ್ಸೆಲ್‌ನ ಅಗ್ಗದ ಮಾದರಿ ಫೋರ್ಡ್‌ನ ದುಬಾರಿ ಮಾದರಿಯ ಪಕ್ಕಕ್ಕೇ ಬಂತು. ಅದಕ್ಕಿಂತ ಮೇಲಿನ ಮಾದರಿಗಳು ಮರ್ಕ್ಯುರಿಯ ಕೆಲವು ಮಾದರಿಗಳನ್ನೇ ದಾಟಿದವು. ಯಾರಿಗೆ ಈ ಕಾರು ಅಂತ ಡೀಲರಿಗೂ ಹೇಳೋಕೆ ಆಗುತ್ತಿರಲಿಲ್ಲ. ಅದರ ಮೇಲೆ ಸೆಪ್ಟೆಂಬರ್ ತಿಂಗಳು. ಬೇರೆ ಕಂಪನಿಗಳು 1957ರ ಮಾದರಿಗಳನ್ನು ರಿಯಾಯಿತಿಯಲ್ಲಿ ಖಾಲಿ ಮಾಡುತ್ತಿದ್ದಾಗ ಇವರು 1958ರ ಬೆಲೆ ಚೀಟಿ ಹಚ್ಚಿ ನಿಂತರು.

ಸಮಯ ಆಯ್ತು ಅಂತ ಚೀಟಿ ಬಂದಿದೆ. ಬೇಗ ಹೇಳ್ತೀನಿ. ಆರ್ಥಿಕ ಹಿಂಜರಿತ 1957ರ ಆಗಸ್ಟಿನಲ್ಲೇ ಶುರುವಾಗಿತ್ತು. ಅದನ್ನು ತಳ್ಳಿಹಾಕೋಕೆ ಆಗಲ್ಲ, ಮಧ್ಯಮ ಬೆಲೆಯ ಕಾರುಗಳೆಲ್ಲ ಆ ವರ್ಷ ಪೆಟ್ಟು ತಿಂದವು. ಆದರೆ ಅದೇ ವರ್ಷ ಬೇರೆ ಕಂಪನಿಯ ಪುಟ್ಟ ಕಾರು ರ‍್ಯಾಂಬ್ಲರ್ ಮಾರಾಟ ಏರಿತು. ಕೊಳ್ಳುವವರು ಇದ್ದರು, ಕೇಳುತ್ತಿದ್ದದ್ದು ಬೇರೆ ಕಾರು.

ಮೊದಲ ವರ್ಷ ಎರಡು ಲಕ್ಷ ಮಾರುವ ಗುರಿ ಇತ್ತು. ಅಮೆರಿಕದಲ್ಲಿ 1958ರ ಮಾದರಿ ಹೋಗಿದ್ದು 63,110. ಮುಂದಿನ ವರ್ಷ ಗ್ರಿಲ್ಲಿನ ಆಕಾರ ತಗ್ಗಿಸಿದರು. ಟೆಲಿಟಚ್ ತೆಗೆದರು. ದುಬಾರಿ ಮಾದರಿ ಕೈಬಿಟ್ಟರು. ಗ್ರಿಲ್ಲೇ ಕಾರಣವಾಗಿದ್ದರೆ ಮಾರಾಟ ಏರಬೇಕಿತ್ತು, ಅಲ್ವಾ? 44,891ಕ್ಕೆ ಇಳಿಯಿತು. ಮೊದಲ ವರ್ಷ ಕೊಂಡವರು ಅಕ್ಕಪಕ್ಕದವರಿಗೆ ಏನು ಹೇಳಬೇಕೋ ಅದನ್ನು ಹೇಳಿಯಾಗಿತ್ತು.

ಆಗ ಫೋರ್ಡ್ ಕಂಪನಿಯ ಹಿರಿಯ ಅಧಿಕಾರಿಯಾಗಿದ್ದ ರಾಬರ್ಟ್ ಮೆಕ್‌ನಮಾರಾ ಈ ಕಾರನ್ನು ಒಳಗಿನಿಂದಲೇ ಮುಗಿಸಿದರಾ ಅನ್ನೋ ವಿಷಯಕ್ಕೆ ಬರೋಕೆ ಆಗಲಿಲ್ಲ. ಪ್ರಶ್ನೋತ್ತರದಲ್ಲಿ ಯಾರಾದರೂ ಅದನ್ನೇ ಮೊದಲು ಕೇಳಿ.