ಬನಾನಿಯಾ ಡಬ್ಬಿಯ ನಗು

ಮೊದಲು ಒಂದು ಹಳೇ ಜಾಹೀರಾತು ನೋಡೋಣ. 1915, ಫ್ರಾನ್ಸ್. ಮೊದಲ ಮಹಾಯುದ್ಧ ನಡೆಯುತ್ತಿದೆ. ಬನಾನಿಯಾ ಅಂತ ಒಂದು ಪುಡಿ, ಕೋಕೋ ಮತ್ತು ಬಾಳೆಹಣ್ಣಿನ ಹಿಟ್ಟು ಸೇರಿಸಿದ್ದು. ಹಾಲಿಗೆ ಬೆರೆಸಿ ಕುಡಿಯುವುದು. ಪೋಸ್ಟರ್ ತುಂಬಾ ಹಳದಿ ಬಣ್ಣ. ನಡುವೆ ಕೆಂಪು ಟೋಪಿಯ ಆಫ್ರಿಕನ್ ಸಿಪಾಯಿ, ಕೈಯಲ್ಲಿ ಚಮಚ, ಮುಖದ ತುಂಬಾ ನಗು. ‘ಯಾ ಬೋನ್’ ಅನ್ನೋದು ಘೋಷಣೆ. ಫ್ರೆಂಚ್ ನೆಟ್ಟಗೆ ಬಾರದವನು ‘ಬಲು ರುಚಿ’ ಅಂದ ಹಾಗೆ.

ನೋಡಲು ಮುದ್ದಾಗಿದೆ, ಅಲ್ವಾ? ಎಡವಟ್ಟು ಇರುವುದೇ ಅಲ್ಲಿ. ಯಾರಾದರೂ ಬೈದರೆ ತಿರುಗಿಸಿ ಬೈಯಬಹುದು. ಮುದ್ದು ಮಾಡುತ್ತಲೇ ಅವಮಾನ ಮಾಡಿದರೆ ಉತ್ತರ ಕೊಡುವುದು ಕಷ್ಟ. ಆ ಯುದ್ಧದಲ್ಲಿ ಫ್ರಾನ್ಸಿಗಾಗಿ ಸತ್ತ ಪಶ್ಚಿಮ ಆಫ್ರಿಕಾದ ಫ್ರೆಂಚ್ ವಸಾಹತುಗಳ ಸಿಪಾಯಿಗಳು ಸುಮಾರು 30 ಸಾವಿರ. ಜನರ ಕಣ್ಣಲ್ಲಿ ಉಳಿದದ್ದು ಈ ಚಮಚದ ಮನುಷ್ಯ.

ಇನ್ನೊಂದು ಸಂಗತಿ ಕೇಳಿದರೆ ಮೈ ಉರಿಯುತ್ತದೆ. 1916ರಲ್ಲಿ ಫ್ರೆಂಚ್ ಸೈನ್ಯಕ್ಕೆಂದು ಒಂದು ಕೈಪಿಡಿ ಬಂತು. ಆಫ್ರಿಕನ್ ಸಿಪಾಯಿಗಳ ಜೊತೆ ಯಾವ ಮೊಟಕು ಫ್ರೆಂಚ್‌ನಲ್ಲಿ ಮಾತಾಡಬೇಕು ಅಂತ ಅದು ಅಧಿಕಾರಿಗಳಿಗೆ ಹೇಳಿಕೊಟ್ಟಿತು. ಅಂದರೆ ಹರಕು ಭಾಷೆ ಕಲಿಸಿದ್ದೂ ಇವರೇ, ಅದನ್ನು ಡಬ್ಬಿ ಮೇಲೆ ಅಚ್ಚು ಹಾಕಿ ನಕ್ಕಿದ್ದೂ ಇವರೇ.

ಈಗ ಸೆನೆಗಲ್‌ನ ಕವಿ ಲಿಯೊಪೋಲ್ಡ್ ಸೆಡಾರ್ ಸೆಂಘೋರ್ ಹತ್ತಿರ ಬರೋಣ. ಮುಂದೆ ಆ ದೇಶದ ಮೊದಲ ಅಧ್ಯಕ್ಷರಾದವರು. 1935ರಲ್ಲಿ ಫ್ರಾನ್ಸಿನ ಅತಿ ಕಷ್ಟದ ಅಧ್ಯಾಪಕರ ಪರೀಕ್ಷೆ ಪಾಸು ಮಾಡಿದ್ದರು. ಯಾವ ವಿಷಯದಲ್ಲಿ ಗೊತ್ತಾ? ವ್ಯಾಕರಣದಲ್ಲಿ! ಫ್ರೆಂಚ್ ಹುಡುಗರಿಗೇ ಪಾಠ ಹೇಳುತ್ತಿದ್ದ ಮೇಷ್ಟ್ರು ಬೀದಿಗೆ ಬಂದರೆ ಎದುರಿಗೆ ‘ಯಾ ಬೋನ್’. ಆಫ್ರಿಕನ್ ಸಿಪಾಯಿಗಳಿಗಾಗಿ 1940ರಲ್ಲಿ ಬರೆದ ಕವಿತೆಯಲ್ಲಿ ಅವರು, ಫ್ರಾನ್ಸಿನ ಎಲ್ಲಾ ಗೋಡೆಗಳಿಂದ ಆ ಬನಾನಿಯಾ ನಗುವನ್ನು ಹರಿದು ಹಾಕುತ್ತೇನೆ ಅಂದರು. ಆ ಸಿಟ್ಟು ಸುಮ್ನೆ ಬಂದದ್ದಲ್ಲ.

ಅದೇ ವರ್ಷ, ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದ ಅವರು ಜರ್ಮನ್ನರ ಸೆರೆಯಾದರು. 1944ರ ಡಿಸೆಂಬರ್ 1ರಂದು ಸೆನೆಗಲ್‌ನ ಡಕಾರ್ ಹತ್ತಿರದ ಥಿಯರೋಯೆ ಶಿಬಿರದಲ್ಲಿ, ಜರ್ಮನ್ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದ ಆಫ್ರಿಕನ್ ಸಿಪಾಯಿಗಳು ಬಾಕಿ ಸಂಬಳ ಕೇಳಿದರು. ಫ್ರೆಂಚ್ ಸೈನ್ಯ ಗುಂಡು ಹಾರಿಸಿತು. ಆಗಿನ ಸರ್ಕಾರಿ ಲೆಕ್ಕದಲ್ಲಿ ಸತ್ತವರು 35. ನಿಜವಾದ ಸಂಖ್ಯೆ ಇನ್ನೂ ಜಾಸ್ತಿ ಅನ್ನುವ ಇತಿಹಾಸಕಾರರಿದ್ದಾರೆ. ಇದು ಹತ್ಯಾಕಾಂಡ ಅಂತ ಫ್ರಾನ್ಸಿನ ಅಧ್ಯಕ್ಷರು ಒಪ್ಪಿಕೊಳ್ಳಲು 2024 ಬರಬೇಕಾಯಿತು. ಸೆಂಘೋರ್ ಮಾತ್ರ ಅದೇ ತಿಂಗಳು ಕವಿತೆ ಬರೆದರು. ಕಪ್ಪು ಸೆರೆಯಾಳುಗಳೇ ಎಂದು ಕರೆದು, ತಕ್ಷಣ ‘ಫ್ರೆಂಚ್ ಸೆರೆಯಾಳುಗಳೇ ಅಂತಲೇ ಹೇಳುತ್ತೇನೆ’ ಎಂದು ಒತ್ತಿ ಹೇಳಿದರು. ಹಾಗಾದರೆ ಫ್ರಾನ್ಸ್ ಇನ್ನು ಫ್ರಾನ್ಸ್ ಅಲ್ಲವೇ ಅಂತಲೂ ಕೇಳಿದರು.

ಇಷ್ಟೆಲ್ಲಾ ಹೊಗಳಿದ ಮೇಲೆ ನನ್ನ ತಕರಾರೂ ಹೇಳಬೇಕು. ಇದೇ ಸೆಂಘೋರ್ 1939ರಲ್ಲಿ, ಭಾವನೆ ಕಪ್ಪು ಜನರದು, ತರ್ಕ ಗ್ರೀಕರದು ಎಂಬರ್ಥದ ಮಾತು ಬರೆದಿದ್ದರು. ಪ್ರೀತಿಯಿಂದಲೇ ಬರೆದದ್ದು ಇರಬಹುದು. ಆದರೂ ಒಂದು ಗೋಡೆಯ ಪೋಸ್ಟರ್ ಹರಿದು, ಅಲ್ಲೇ ಇನ್ನೊಂದು ಅಂಟಿಸಿದ ಹಾಗಾಯಿತು. ನೈಜೀರಿಯಾದ ಲೇಖಕ ವೋಲೆ ಸೋಯಿಂಕಾ, ಕಪ್ಪುತನವನ್ನು ಹೆಮ್ಮೆಯಿಂದ ಸಾರುವ ಈ ‘ನೆಗ್ರಿಟ್ಯೂಡ್’ ಧೋರಣೆಯನ್ನು ಚುಚ್ಚಿದ್ದು ಪ್ರಸಿದ್ಧ: ಹುಲಿ ತನ್ನ ಹುಲಿತನ ಸಾರಿಕೊಂಡು ತಿರುಗುವುದಿಲ್ಲ, ಮೇಲೆ ಎರಗುತ್ತದೆ.

ಇದರಲ್ಲಿ ನನ್ನ ಓಟು ಸೋಯಿಂಕಾಗೆ. ಅವರ ಫೋನ್ ಸಂಭಾಷಣೆಯ ಕವಿತೆ ಓದಿ. ಒಬ್ಬ ಆಫ್ರಿಕನ್ ಬಾಡಿಗೆ ಮನೆಗಾಗಿ ಬೂತ್‌ನಿಂದ ಫೋನ್ ಮಾಡುತ್ತಾನೆ. ಬಾಡಿಗೆ ಎಲ್ಲಾ ಕುದುರಿದ ಮೇಲೆ ಮನೆಯೊಡತಿಯ ಪ್ರಶ್ನೆ: ನೀವು ಎಷ್ಟು ಕಪ್ಪು? ಅವನು ಭಾಷಣ ಬಿಗಿಯುವುದಿಲ್ಲ. ಚಾಕೊಲೇಟ್ ಥರಾನಾ, ಪ್ಲೇನಾ, ಮಿಲ್ಕಾ ಅಂತ ಕೇಳುತ್ತಾನೆ. ‘ಪಶ್ಚಿಮ ಆಫ್ರಿಕನ್ ಸೀಪಿಯಾ’ (ಸೀಪಿಯಾ ಅಂದರೆ ಒಂದು ಥರದ ಕಂದು ಬಣ್ಣ), ಪಾಸ್‌ಪೋರ್ಟಲ್ಲಿ ಹಾಗೇ ಇದೆ ಅನ್ನುತ್ತಾನೆ. ಅಂಗೈ, ಅಂಗಾಲು ಬೆಳ್ಳಗಿವೆ, ಕೂತು ಕೂತು ಕುಂಡಿ ಮಾತ್ರ ಕಾಗೆ ಕಪ್ಪಾಗಿದೆ ಮೇಡಂ ಅನ್ನುತ್ತಾನೆ. ಆಕೆ ಇನ್ನೇನು ಫೋನ್ ಕುಕ್ಕಬೇಕು, ಅಷ್ಟರಲ್ಲಿ ಅತಿ ವಿನಯದಿಂದ, ನೀವೇ ಒಮ್ಮೆ ಕಣ್ಣಾರೆ ನೋಡಬಾರದೇ ಎಂದು ಕೇಳುತ್ತಾನೆ.