ಹೂವಿನ ರಸಕ್ಕಿಂತ ಮೊದಲೇ ಹೊಟ್ಟೆಕಿಚ್ಚು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಷೇಕ್ಸ್‌ಪಿಯರ್‌ನ ಒಂದು ನಗೆನಾಟಕದ ಬಗ್ಗೆ ಮಾತಾಡೋಣ. ಹೆಸರು 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್', ನಡುಬೇಸಿಗೆಯ ಇರುಳಿನ ಕನಸು. 1595-96ರ ಸುಮಾರಿಗೆ ಬರೆದದ್ದು, 1600ರಲ್ಲಿ ಅಚ್ಚಾಯಿತು. ಕಥೆ ನಡೆಯುವುದು ಅಥೆನ್ಸ್ ನಗರದಲ್ಲಿ ಮತ್ತು ಅದರ ಹತ್ತಿರದ ಕಾಡಿನಲ್ಲಿ.

ಈ ನಾಟಕ ಅಂದಕೂಡಲೇ ಎಲ್ಲರಿಗೂ ನೆನಪಾಗುವುದು ಒಂದು ಹೂವು. ಅದರ ರಸವನ್ನು ಮಲಗಿದವರ ಕಣ್ಣಿಗೆ ಹಿಂಡಿದರೆ ಸಾಕು, ಎದ್ದಾಗ ಮೊದಲು ಕಂಡವರ ಮೇಲೆ ಹುಚ್ಚು ಪ್ರೀತಿ ಹುಟ್ಟುತ್ತದೆ. ಎಲ್ಲ ಗೊಂದಲಕ್ಕೂ ಆ ರಸವೇ ಕಾರಣ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಸ ಕಣ್ಣಿಗೆ ಬೀಳುವ ಹೊತ್ತಿಗೆ ಹೊಟ್ಟೆಕಿಚ್ಚು ಅರ್ಧ ಕೆಲಸ ಮುಗಿಸಿರುತ್ತದೆ.

ಮೊದಲು ಹೆಲೆನಾಳನ್ನು ನೋಡಿ. ಅವಳ ಬಾಲ್ಯದ ಗೆಳತಿ ಹರ್ಮಿಯಾ. ಹರ್ಮಿಯಾಗೆ ಲೈಸ್ಯಾಂಡರ್ ಮೇಲೆ ಪ್ರೀತಿ. ಅಪ್ಪ ಈಜಿಯಸ್‌ಗೆ ಮಾತ್ರ ಡೆಮಿಟ್ರಿಯಸ್‌ನೇ ಅಳಿಯನಾಗಬೇಕು. ಅವನು ದೊರೆ ಥೀಸಿಯಸ್ ಹತ್ತಿರ ದೂರು ಒಯ್ಯುತ್ತಾನೆ. ಅಪ್ಪ ಹೇಳಿದವನನ್ನು ಮದುವೆಯಾಗು, ಇಲ್ಲವೇ ಸಾಯಿ, ಅದೂ ಬೇಡವೆಂದರೆ ಬದುಕಿಡೀ ಸನ್ಯಾಸಿನಿಯಾಗಿರು. ದೊರೆ ಕೊಟ್ಟ ದಾರಿಗಳು ಇಷ್ಟೇ. ಪ್ರೇಮಿಗಳಿಬ್ಬರೂ ಓಡಿಹೋಗಲು ನಿರ್ಧರಿಸುತ್ತಾರೆ. ಆ ಗುಟ್ಟನ್ನು ಅವರು ಹೇಳುವುದು ಹೆಲೆನಾ ಒಬ್ಬಳಿಗೆ.

ಹೆಲೆನಾ ಆ ಗುಟ್ಟನ್ನು ನೇರ ಡೆಮಿಟ್ರಿಯಸ್‌ಗೆ ಮುಟ್ಟಿಸುತ್ತಾಳೆ. ಡೆಮಿಟ್ರಿಯಸ್ ಹಿಂದೆ ಅವಳ ಬೆನ್ನು ಹತ್ತಿದ್ದವನು, ಆಮೇಲೆ ಹರ್ಮಿಯಾಳನ್ನು ಕಂಡು ಕೈಬಿಟ್ಟವನು. ಸುದ್ದಿ ಕೊಟ್ಟಿದ್ದಕ್ಕೆ ಅವಳಿಗೆ ಸಿಗುವುದು ಹೆಚ್ಚೆಂದರೆ ಒಂದು ಒಳ್ಳೆಯ ಮಾತು. ಅವನು ಕಾಡಿಗೆ ಹೋಗುವಾಗ, ಬರುವಾಗ ಒಂದಿಷ್ಟು ಹೊತ್ತು ನೋಡಬಹುದು, ಅಷ್ಟೇ. ಅಷ್ಟಕ್ಕಾಗಿ ಹುಡುಗಿ ಒಡಹುಟ್ಟಿದಂತಿದ್ದ ಗೆಳತಿಯನ್ನು ಬಿಟ್ಟುಕೊಡುತ್ತಾಳೆ. ಇಲ್ಲಿ ಯಾವ ಮಾಯೆಯೂ ಇಲ್ಲ, ಮಂತ್ರವೂ ಇಲ್ಲ. ಮನುಷ್ಯರು ಹೀಗೆ ಮಾಡುತ್ತಾರೆ, ಅಲ್ವಾ?

ಇನ್ನು ಕಾಡು. ಅಲ್ಲಿ ಕಿನ್ನರರ ರಾಜ ಓಬೆರಾನ್, ರಾಣಿ ಟೈಟಾನಿಯಾ. ಇಬ್ಬರಿಗೂ ಜಗಳ, ಒಂದು ಮಗುವಿನ ವಿಷಯಕ್ಕೆ. ಆ ಮಗು ಭಾರತದ್ದು! ಅದರ ತಾಯಿ ಟೈಟಾನಿಯಾಳ ಭಕ್ತೆ, ಗೆಳತಿ. ಭಾರತದ ಮಸಾಲೆ ಗಂಧದ ಗಾಳಿಯಲ್ಲಿ, ರಾತ್ರಿ ಹೊತ್ತು, ಕಡಲ ಮರಳಿನ ಮೇಲೆ ಅಕ್ಕಪಕ್ಕ ಕೂತು ಇಬ್ಬರೂ ವ್ಯಾಪಾರಿ ಹಡಗುಗಳನ್ನು ನೋಡುತ್ತಿದ್ದರು. ಗಾಳಿ ತುಂಬಿ ಉಬ್ಬಿದ ಹಾಯಿಗಳನ್ನು ಕಂಡು, ಬಸುರಿಯಂತೆ ಇವೆಯಲ್ಲ ಅಂತ ನಗುತ್ತಿದ್ದರು. ಗೆಳತಿಯೂ ಆಗ ತುಂಬು ಬಸುರಿ. ಆ ಹಡಗುಗಳ ಹಾಗೇ ತೇಲುತ್ತಾ ನಡೆದುಹೋಗಿ ರಾಣಿಗೆ ಏನಾದರೂ ಸಣ್ಣಪುಟ್ಟ ವಸ್ತು ತಂದುಕೊಡುತ್ತಿದ್ದಳು. ಆದರೆ ಅವಳು ಮನುಷ್ಯಳು. ಹೆರಿಗೆಯಲ್ಲಿ ತೀರಿಕೊಂಡಳು. ಅವಳಿಗಾಗಿ ಈ ಮಗುವನ್ನು ಸಾಕುತ್ತಿದ್ದೇನೆ, ಅವಳಿಗಾಗಿಯೇ ಇದನ್ನು ಬಿಟ್ಟುಕೊಡಲಾರೆ ಅನ್ನುತ್ತಾಳೆ ಟೈಟಾನಿಯಾ.

ಈ ನಾಟಕದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಮಾತು ಇದು. ಪ್ರೀತಿಯ ನಾಟಕ ಅಂತ ಹೆಸರಾದ ಕೃತಿಯಲ್ಲಿ, ಆಳವಾದ ಪ್ರೀತಿಯ ಮಾತು ಬರುವುದು ತೀರಿಹೋದ ಗೆಳತಿಯ ಬಗ್ಗೆ.

ಓಬೆರಾನ್‌ಗೆ ಆ ಮಗು ತನ್ನ ಪರಿವಾರಕ್ಕೆ ಬೇಕು. ಕೊಡಲಿಲ್ಲವೆಂದು ಉರಿ. ಈ ಜಗಳದ ಫಲ ಕಾಡಿನಲ್ಲೇ ಉಳಿಯುವುದಿಲ್ಲ, ಊರಿನ ಹೊಲಗಳಿಗೂ ತಟ್ಟುತ್ತದೆ. ನದಿಗಳು ದಡ ಮೀರುತ್ತವೆ. ಎತ್ತು ನೊಗ ಎಳೆದದ್ದು, ರೈತ ಬೆವರು ಸುರಿಸಿದ್ದು ದಂಡ. ತೆನೆ ಬಲಿಯುವ ಮೊದಲೇ ಕೊಳೆಯುತ್ತದೆ. ರೋಗ ಬಂದು ಸತ್ತ ಕುರಿಗಳನ್ನು ತಿಂದು ಕಾಗೆಗಳು ಕೊಬ್ಬುತ್ತವೆ. ಸುಮ್ನೆ ಅಲಂಕಾರಕ್ಕೆ ಹೇಳಿದ ಮಾತಲ್ಲ ಇದು. 1594ರಿಂದ ಕೆಲವು ವರ್ಷ ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲೂ ಬಿಡದೆ ಮಳೆ ಸುರಿದು ಬೆಳೆ ಹಾಳಾಗಿತ್ತು. ಹಸಿವು ಕಂಡ ಜನರೇ ನಾಟಕ ನೋಡಲು ಬಂದು ನಿಂತಿದ್ದರು. ದೊಡ್ಡವರ ಮನೆಯ ಮತ್ಸರಕ್ಕೆ ಬಡವರ ಹೊಲ ಬೆಲೆ ತೆರುವುದು ಅವರಿಗೆ ಚೆನ್ನಾಗಿ ಅರ್ಥವಾಗಿರಬೇಕು.

ಇಷ್ಟೆಲ್ಲ ಆದ ಮೇಲೆ ಹೂವು ಬರುತ್ತದೆ. ಮನ್ಮಥನ ಬಾಣ ಗುರಿ ತಪ್ಪಿ ಬಿದ್ದು, ಹಾಲಿನಂತೆ ಬೆಳ್ಳಗಿದ್ದ ಹೂವು ನೇರಳೆಯಾಯಿತಂತೆ. ಓಬೆರಾನ್ ಅದನ್ನು ತರಿಸುವುದು ಹೆಂಡತಿಗೆ ಅವಮಾನ ಮಾಡಲು, ಮಗುವನ್ನು ಕಿತ್ತುಕೊಳ್ಳಲು. ಹೆಲೆನಾ ಮೇಲೆ ಕನಿಕರ ಬಂದು, ಡೆಮಿಟ್ರಿಯಸ್ ಕಣ್ಣಿಗೂ ಹಚ್ಚು ಅಂತ ಸೇವಕ ಪಕ್‌ಗೆ ಹೇಳುತ್ತಾನೆ. ಪಕ್ ಅಥೆನ್ಸಿನ ಉಡುಪು ನೋಡಿ ಲೈಸ್ಯಾಂಡರ್ ಕಣ್ಣಿಗೆ ಹಿಂಡುತ್ತಾನೆ. ತಪ್ಪು ತಿಳಿದ ಓಬೆರಾನ್ ಡೆಮಿಟ್ರಿಯಸ್ ಕಣ್ಣಿಗೂ ರಸ ಹಾಕುತ್ತಾನೆ. ಕೊನೆಗೆ ಇಬ್ಬರು ಗಂಡಸರೂ ಹೆಲೆನಾಳ ಹಿಂದೆ ಬೀಳುತ್ತಾರೆ, ಹರ್ಮಿಯಾ ಒಂಟಿಯಾಗುತ್ತಾಳೆ.

ಆಮೇಲಿನ ಜಗಳದ ದೃಶ್ಯಕ್ಕೆ ಪ್ರೇಕ್ಷಕರು ಬಿದ್ದು ಬಿದ್ದು ನಗುತ್ತಾರೆ. ಹೆಲೆನಾ ಉದ್ದ, ಹರ್ಮಿಯಾ ಗಿಡ್ಡ. ಹೆಲೆನಾ ಇವಳನ್ನು ಗೊಂಬೆ ಅನ್ನುತ್ತಾಳೆ. ಇವಳು ಅವಳನ್ನು ಬಣ್ಣ ಬಳಿದ ಕಂಬ ಅನ್ನುತ್ತಾಳೆ, ನನ್ನ ಉಗುರು ನಿನ್ನ ಕಣ್ಣಿಗೆ ಎಟುಕದಷ್ಟೇನೂ ಗಿಡ್ಡವಲ್ಲ ನಾನು ಅಂತ ಮೇಲೇರಿ ಹೋಗುತ್ತಾಳೆ. ಇದಕ್ಕೆ ಸ್ವಲ್ಪ ಮೊದಲು ಹೆಲೆನಾ ಹೇಳಿದ್ದು ಬೇರೆಯೇ. ನಾವಿಬ್ಬರೂ ಒಂದೇ ಮೆತ್ತೆಯ ಮೇಲೆ ಕೂತು, ಒಂದೇ ಬಟ್ಟೆಯ ಮೇಲೆ ಒಂದೇ ಹೂವನ್ನು ಕಸೂತಿ ಹಾಕಿದವರು. ಒಂದೇ ಹಾಡನ್ನು ಒಂದೇ ಶ್ರುತಿಯಲ್ಲಿ ಹಾಡಿದವರು. ಒಂದೇ ತೊಟ್ಟಿನ ಎರಡು ಹಣ್ಣಿನಂತೆ ಬೆಳೆದವರು. ಗಮನಿಸಿ, ಪಕ್ ಈ ಹುಡುಗಿಯರ ಕಣ್ಣಿಗೆ ಒಂದು ಹನಿಯನ್ನೂ ಹಾಕಿಲ್ಲ. ರಸ ಬಿದ್ದದ್ದು ಗಂಡಸರ ಕಣ್ಣಿಗೆ, ಒಡೆದದ್ದು ಹೆಂಗಸರ ಗೆಳೆತನ.

ಹೊಟ್ಟೆಕಿಚ್ಚು ಮುಟ್ಟದೇ ಇರುವವನು ಒಬ್ಬನಿದ್ದಾನೆ, ನೇಕಾರ ಬಾಟಮ್. ದೊರೆಯ ಮದುವೆಗೆ ನಾಟಕ ಆಡಲು ಬಡಗಿ, ದರ್ಜಿ, ಕಲಾಯಿ ಹಾಕುವವನ ಜೊತೆ ಕಾಡಿಗೆ ಬಂದವನು. ಪಕ್ ಅವನಿಗೆ ಕತ್ತೆಯ ತಲೆ ಅಂಟಿಸುತ್ತಾನೆ, ಕಣ್ಣಿಗೆ ರಸ ಬಿದ್ದಿದ್ದ ಟೈಟಾನಿಯಾ ಅವನಿಗೆ ಮರುಳಾಗುತ್ತಾಳೆ. ಅವನು ಹಿಗ್ಗುವುದಿಲ್ಲ, ಗಾಬರಿಯಾಗುವುದೂ ಇಲ್ಲ. ಈ ಕಾಲದಲ್ಲಿ ಬುದ್ಧಿಗೂ ಪ್ರೀತಿಗೂ ಅಷ್ಟಾಗಿ ಒಡನಾಟವಿಲ್ಲ ಅನ್ನುತ್ತಾನೆ. ಪುಟ್ಟ ಕಿನ್ನರರ ಹೆಸರನ್ನು ಮರ್ಯಾದೆಯಿಂದ ಕೇಳುತ್ತಾನೆ. ಆಮೇಲೆ ಒಣಹುಲ್ಲು ಬೇಕು ಅನ್ನುತ್ತಾನೆ. ಯಾರದ್ದನ್ನೂ ಅವನು ಬಯಸುವುದಿಲ್ಲ. ರಾಣಿಯ ಮಗ್ಗುಲಲ್ಲಿ ಇಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದವನು ಅವನೊಬ್ಬನೇ ಇರಬೇಕು!

ಕನ್ನಡಕ್ಕೆ ಈ ನಾಟಕವನ್ನು ಎಂ.ಎಲ್. ಶ್ರೀಕಂಠೇಶಗೌಡರು 'ಪ್ರಮೀಳಾರ್ಜುನೀಯ' ಎಂದು ತಂದರು. ಆ ಹೆಸರು ನನಗೆ ತುಂಬ ಹಿಡಿಸುತ್ತದೆ. ಥೀಸಿಯಸ್ ಮದುವೆಯಾಗುವ ಹಿಪ್ಪೊಲಿಟಾ ಅವನು ಕತ್ತಿಯಿಂದ ಗೆದ್ದು ತಂದ ವೀರನಾರಿಯರ ರಾಣಿ. ಜೈಮಿನಿ ಭಾರತದಲ್ಲಿ ಅರ್ಜುನ ಯಜ್ಞದ ಕುದುರೆಯ ಹಿಂದೆ ಹೋಗಿ ಎದುರಾಗುವ ಪ್ರಮೀಳೆಯೂ ಸ್ತ್ರೀರಾಜ್ಯದ ಒಡತಿ. ನಮ್ಮ ಓದುಗರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಸಿಗುತ್ತಿರಲಿಲ್ಲ.

ಬೆಳಗಾಗುವ ಹೊತ್ತಿಗೆ ಓಬೆರಾನ್ ಮತ್ತು ಪಕ್ ಸೇರಿ ಲೈಸ್ಯಾಂಡರ್‌ನ, ಟೈಟಾನಿಯಾಳ ಕಣ್ಣಿನ ಮಾಯೆಯನ್ನು ತೆಗೆಯುತ್ತಾರೆ. ಡೆಮಿಟ್ರಿಯಸ್ ಕಣ್ಣಿನಿಂದ ತೆಗೆಯುವುದಿಲ್ಲ. ಅವನು ಹೆಲೆನಾಳನ್ನು ಮದುವೆಯಾಗುವುದು ಆ ರಸದಲ್ಲೇ. ಮಗುವಿನ ಗತಿ? ಟೈಟಾನಿಯಾ ಮಂಕು ಕವಿದಿದ್ದಾಗ ಓಬೆರಾನ್ ಕೇಳಿದ, ಅವಳು ತಕ್ಷಣ ಕೊಟ್ಟುಬಿಟ್ಟಳು. ಎಚ್ಚರವಾದ ಮೇಲೆ ಆ ಗೆಳತಿಯ ಮಾತನ್ನು ಅವಳು ಮತ್ತೆ ಎತ್ತುವುದೇ ಇಲ್ಲ. ಎಲ್ಲರೂ ಸುಖಾಂತ್ಯ ಅನ್ನುವ ಈ ಜಾಗ ನನಗೆ ಪ್ರತಿ ಸಲವೂ ನೋವು ಕೊಡುತ್ತದೆ.

ಐದನೇ ಅಂಕದಲ್ಲಿ ಮೂರು ಜೋಡಿಗಳ ಮದುವೆಯಾಗಿದೆ. ಬಾಟಮ್ ತಂಡದ ನಾಟಕ ನಡೆಯುತ್ತಿದೆ. ಗಂಡಸರು ನಡುನಡುವೆ ಮಾತು ಸೇರಿಸುತ್ತಾರೆ, ಹಿಪ್ಪೊಲಿಟಾ ಕೂಡ ಮಾತಾಡುತ್ತಾಳೆ. ಕಾಡಿನಲ್ಲಿ ಅಷ್ಟು ಮಾತಾಡಿದ ಹರ್ಮಿಯಾ, ಹೆಲೆನಾ ಇಬ್ಬರಿಗೂ ಇಡೀ ಅಂಕದಲ್ಲಿ ಒಂದು ಸಾಲೂ ಇಲ್ಲ. ಹಾಗಾಗಿ ಅವರನ್ನು ಎಲ್ಲಿ ಕೂರಿಸಬೇಕು ಅನ್ನುವುದು ನಿರ್ದೇಶಕರಿಗೆ ಬಿಟ್ಟದ್ದು. ಇದನ್ನು ಆಡಲು ಹೊರಟಿರುವ ನಮ್ಮ ಹವ್ಯಾಸಿ ತಂಡಗಳಿಗೆ ನನ್ನದೊಂದು ಕೋರಿಕೆ. ಅವರನ್ನು ಗಂಡಂದಿರ ಪಕ್ಕ ಅಲಂಕಾರಕ್ಕೆ ಕೂರಿಸಿ ಬಿಡಬೇಡಿ. ಜಗಳದ ದೃಶ್ಯಕ್ಕೆ ಎಷ್ಟು ತಾಲೀಮು ಮಾಡುತ್ತೀರೋ, ಈ ಮಾತಿಲ್ಲದ ಅಂಕಕ್ಕೂ ಅಷ್ಟೇ ತಾಲೀಮು ಮಾಡಿಸಿ. ನಮಸ್ಕಾರ.