ಪತಂಗದ ಗುರುತು ರೆಕ್ಕೆಯಲ್ಲಿಲ್ಲ

ಕೇಳುಗರೇ, ನಮಸ್ಕಾರ.

ದೀಪದ ಬೆಳಕಿಗೆ ಬಂದ ಪತಂಗದ ಹೆಸರು ಹುಡುಕುವವರು, ಕೀಟಶಾಸ್ತ್ರ ಓದುತ್ತಿರುವವರು, ಬೆಳೆಗೆ ಬಿದ್ದ ಹುಳು ಯಾವುದೆಂದು ತಲೆಕೆಡಿಸಿಕೊಂಡವರು ನನ್ನ ಮಾತು ಕೇಳುತ್ತಿದ್ದೀರಿ ಎಂದುಕೊಂಡಿದ್ದೇನೆ. ನಾನು ಹೇಳುವುದು ಒಂದೇ ವಿಷಯ. ಒಂದನ್ನೊಂದು ಹೋಲುವ ಪತಂಗಗಳನ್ನು ರೆಕ್ಕೆ ನೋಡಿ ಗುರುತಿಸಬೇಡಿ, ಹೊಟ್ಟೆಯ ತುದಿಯಲ್ಲಿರುವ ಜನನಾಂಗ ನೋಡಿ.

ಮೊಬೈಲಿನಲ್ಲಿ ಒಂದು ಮಸುಕು ಚಿತ್ರ ಕಳುಹಿಸಿ, ‘ಇದರ ಹೆಸರೇನು, ಬೇಗ ತಿಳಿಸಿ’ ಎನ್ನುವವರಿದ್ದಾರೆ. ದಯವಿಟ್ಟು ಸ್ವಲ್ಪ ತಾಳಿ. ಯೂಪಿಥೇಸಿಯಾ ಎಂಬ ಒಂದೇ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಬಹುಪಾಲು ಬೂದು, ಕಂದು, ಪುಟ್ಟವು. ರೆಕ್ಕೆಯ ಬಣ್ಣವೆಲ್ಲ ಸೂಕ್ಷ್ಮ ಹುರುಪೆಗಳದ್ದು. ಬೆರಳು ತಾಗಿದರೆ ಉದುರುತ್ತದೆ, ವಯಸ್ಸಾದಂತೆ ಮಾಸುತ್ತದೆ. ಜನನಾಂಗದ ಗಟ್ಟಿ ಭಾಗಗಳು ಹಾಗಲ್ಲ. ಅವು ಮಾಸುವುದಿಲ್ಲ, ಪ್ರಭೇದ ಬದಲಾದರೆ ಅವುಗಳ ಆಕಾರವೂ ಬದಲಾಗುತ್ತದೆ.

ಎಲ್ಲಿ ಮಾತನಾಡಿದರೂ ನಾನು ಬಿಡದೆ ಹೇಳುವ ಉದಾಹರಣೆ ಬ್ರೆಜಿಲ್‌ನದು. ಅಲ್ಲಿ 2012-13ರ ಹಂಗಾಮಿನಲ್ಲಿ ಹತ್ತಿ ಮತ್ತು ಸೋಯಾ ಬೆಳೆಗೆ ಕಾಯಿಕೊರಕ ವಿಪರೀತವಾಗಿ ಬಿತ್ತು. ಅಮೆರಿಕ ಖಂಡಗಳಲ್ಲಿ ಮೊದಲಿನಿಂದಲೂ ಇರುವ ಕಾಯಿಕೊರಕ ಹೆಲಿಕೋವರ್ಪಾ ಜಿಯಾ. ಅದೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ, ಏಕೆಂದರೆ ಹುಳು ಬೆಳೆದು ಪತಂಗವಾದಾಗಲೂ ರೆಕ್ಕೆಯಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಬಂದಿದ್ದದ್ದು ಏಷ್ಯಾ, ಆಫ್ರಿಕಾ, ಯುರೋಪ್, ಆಸ್ಟ್ರೇಲಿಯಾಗಳ ಹೆಲಿಕೋವರ್ಪಾ ಆರ್ಮಿಜೆರಾ! ನೂರಕ್ಕೂ ಹೆಚ್ಚು ಬಗೆಯ ಗಿಡ ತಿನ್ನುವ, ಹಲವು ಕೀಟನಾಶಕಗಳನ್ನು ಜೀರ್ಣಿಸಿಕೊಂಡ ಹುಳು. 2013ರಲ್ಲಿ ಅದು ಅಲ್ಲಿರುವುದು ಪ್ರಕಟವಾಯಿತು. ಇವೆರಡನ್ನು ಬೇರ್ಪಡಿಸುವ ಗುರುತು ಎಲ್ಲಿದೆ ಗೊತ್ತೇ? ಗಂಡಿನ ಅಂಗದೊಳಗೆ ಮಡಚಿಕೊಂಡಿರುವ ತೆಳುಪೊರೆಯ ಚೀಲದಲ್ಲಿ. ಅದನ್ನು ಹೊರಗೆಳೆದು ಉಬ್ಬಿಸಿದಾಗ ಬುಡದಲ್ಲಿ ಒಂದು ಉಬ್ಬಿದ್ದರೆ ಆರ್ಮಿಜೆರಾ, ಮೂರಿದ್ದರೆ ಜಿಯಾ. ಒಂದು ದೇಶದ ಬೆಳೆಯನ್ನು ಹಾಳುಮಾಡಿದ್ದು ಯಾವ ಹುಳು ಎಂದು ತಿಳಿಯಲು ಅಷ್ಟು ಒಳಗೆ ನೋಡಬೇಕು. ರೆಕ್ಕೆಯನ್ನು ದಿನವಿಡೀ ನೋಡಿದರೂ ಅದು ಸಿಗುವುದಿಲ್ಲ.

ಈ ಕಥೆಯಲ್ಲೇ ಹೊತ್ತು ಹೋಯಿತು, ವಿಧಾನವನ್ನು ಬೇಗ ಹೇಳಿಬಿಡುತ್ತೇನೆ. ಸತ್ತ ಪತಂಗದ ಹೊಟ್ಟೆಯನ್ನು ಚಿಮಟದಿಂದ ಮೆಲ್ಲಗೆ ಬಿಡಿಸಿ, ಶೇಕಡಾ ಹತ್ತರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ರಾತ್ರಿಯಿಡೀ ಇಡಿ. ಚರ್ಮ ಸುಡುವ ದ್ರಾವಣವದು, ಪ್ರಯೋಗಾಲಯದಲ್ಲೇ ಮಾಡಿ. ಬೆಳಗಾಗುವಷ್ಟರಲ್ಲಿ ಮಾಂಸ, ಕೊಬ್ಬು ಕರಗಿ ಕೈಟಿನ್ ಎಂಬ ಗಟ್ಟಿ ಕವಚ ಮಾತ್ರ ಉಳಿದಿರುತ್ತದೆ. ನೀರಿಗೆ ಹಾಕಿ, ಸಣ್ಣ ಕುಂಚದಿಂದ ಹುರುಪೆ ಗುಡಿಸಿ, ಸೂಕ್ಷ್ಮದರ್ಶಕದಡಿ ನೋಡಿ. ಗಂಡಾದರೆ ಹೆಣ್ಣನ್ನು ಹಿಡಿದುಕೊಳ್ಳುವ ಎರಡು ತಟ್ಟೆಗಳು ಎರಡು ಬದಿಗೆ ತೆರೆದುಕೊಳ್ಳುತ್ತವೆ. ಅವುಗಳ ಅಂಚು, ಮುಳ್ಳು, ಕೊಕ್ಕೆ ಗಮನಿಸಿ. ಹೆಣ್ಣಾದರೆ ಗಂಡು ಕೊಡುವ ವೀರ್ಯದ ಪೊಟ್ಟಣವನ್ನು ಪಡೆಯುವ ಚೀಲವನ್ನೂ ಅದರ ಒಳಗೋಡೆಯ ಗಟ್ಟಿ ಮಚ್ಚೆಯನ್ನೂ ನೋಡಿ. ಯೂಪಿಥೇಸಿಯಾದ ಗಂಡುಗಳಲ್ಲಿ ಹೊಟ್ಟೆಯ ಎಂಟನೆಯ ಖಂಡದ ಅಡಿತಟ್ಟೆಯ ಆಕಾರವೂ ನೆರವಿಗೆ ಬರುತ್ತದೆ.

ಇನ್ನೊಂದು ಮಾತು, ದಯವಿಟ್ಟು ಬರೆದುಕೊಳ್ಳಿ. ಬಿಡಿಸಿದ ಭಾಗವನ್ನು ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿಟ್ಟು, ಪತಂಗ ಚುಚ್ಚಿದ ಸೂಜಿಗೇ ಆ ಸೀಸೆಯನ್ನೂ ಸಿಕ್ಕಿಸಿ. ಎರಡಕ್ಕೂ ಒಂದೇ ಸಂಖ್ಯೆ ಇರಲಿ. ಸಂಖ್ಯೆ ತಪ್ಪಿದರೆ ಯಾವ ಹೊಟ್ಟೆ ಯಾವ ಪತಂಗದ್ದು ಎಂದು ಆಮೇಲೆ ಯಾರಿಂದಲೂ ಹೇಳಲಾಗುವುದಿಲ್ಲ.

ನಮಸ್ಕಾರ.